ಕಡಲ ತಡಿಯಲ್ಲಿ ನಾಲ್ಕು ರಾತ್ರಿ: ಬೆಳೆಗಾರ ಕುಟುಂಬದ ಡೇರೆವಾಸಕ್ಕೆ ಸಿದ್ಧತೆ

ಘಟ್ಟದ ಮೇಲಿನ ಕಾಫಿ ಬೆಳೆಗಾರರಿರಲಿ, ಕಾರ್ಕಳ, ಹೆಬ್ರಿ ಕಡೆಯ ಅಡಿಕೆ ತೋಟದವರಿರಲಿ, ನಮ್ಮಲ್ಲಿ ಹೆಚ್ಚಿನವರಿಗೆ ಉಡುಪಿ ಎಂದರೆ ಕೃಷ್ಣಮಠ, ಮಣಿಪಾಲದ ಆಸ್ಪತ್ರೆ ಮತ್ತು ನೆಂಟರ ಮನೆಯ ಮದುವೆ. ಬೆಳಿಗ್ಗೆ ಹೊರಟು ಕತ್ತಲೆಯೊಳಗೆ ಮನೆ ಸೇರುವ ಪ್ರಯಾಣ ಅದು. ಮಠದಿಂದ ಮಲ್ಪೆಯ ಕಡಲಿಗೆ ಐದಾರು ಕಿಲೋಮೀಟರು ಮಾತ್ರ. ಹಾಗಿದ್ದೂ ಅಲೆಯ ಶಬ್ದ ಕೇಳುತ್ತ ಒಂದು ರಾತ್ರಿ ಮಲಗಿದವರು ನಮ್ಮ ಸದಸ್ಯ ಕುಟುಂಬಗಳಲ್ಲಿ ಕೆಲವರೇ. ಈಚೆಗೆ ಕಚೇರಿಗೆ ಬರುವ ಸದಸ್ಯರು ಮಾರುಕಟ್ಟೆ ಧಾರಣೆ ವಿಚಾರಿಸಿದ ಮೇಲೆ ಈ ವಿಷಯವನ್ನೂ ಎತ್ತುತ್ತಿದ್ದಾರೆ. ಮಕ್ಕಳು ಹಟ ಹಿಡಿದಿವೆ, ಆರೆಂಟು ಜನರಿಗೆ ಕೋಣೆ ಹಿಡಿದರೆ ದುಬಾರಿ, ಡೇರೆ ಹಾಕಿಕೊಂಡು ನಾಲ್ಕು ದಿನ ಇರಬಹುದೇ ಎಂದು. ಇರಬಹುದು. ಆದರೆ ತೋಟದವನ ಪ್ರವಾಸಕ್ಕೆ ಎರಡು ಪಂಚಾಂಗ ನೋಡಬೇಕಾಗುತ್ತದೆ, ಒಂದು ತೋಟದ್ದು, ಇನ್ನೊಂದು ಸಮುದ್ರದ್ದು. ಅವೆರಡೂ ಕೂಡಿಬರುವ ದಿನಗಳು ವರ್ಷದಲ್ಲಿ ಬಹಳ ಇಲ್ಲ.

ಡೇರೆವಾಸವನ್ನು ಹವ್ಯಾಸವಾಗಿ ಬೆಳೆಸಿದವರು ಇಂಗ್ಲಿಷರು. ಥಾಮಸ್ ಹೈರಮ್ ಹೋಲ್ಡಿಂಗ್ ಎಂಬ ದರ್ಜಿ, ಸೈಕಲ್ಲಿನ ಮೇಲೆ ಡೇರೆ ಹೇರಿಕೊಂಡು ತಿರುಗುವವರ ಸಂಘವೊಂದನ್ನು 1901ರಲ್ಲಿ ಅಲ್ಲಿ ಕಟ್ಟಿದರು. ನಮ್ಮ ಕಾಪುವಿನ ದೀಪಸ್ತಂಭ ಎದ್ದದ್ದೂ ಅದೇ 1901ರಲ್ಲಿ ಎಂಬುದು ಬರೇ ಕಾಕತಾಳೀಯ. ಈಗ ಸ್ಪೇನ್, ಇಟಲಿ, ಫ್ರಾನ್ಸಿನ ದಕ್ಷಿಣ ತೀರಗಳಲ್ಲಿ ನಲ್ಲಿ ನೀರು, ಸ್ನಾನದ ಮನೆ, ಶೌಚಾಲಯಗಳಿರುವ ಡೇರೆ ಬಯಲುಗಳೇ ಇವೆ, ಚಳಿ ದೇಶದವರು ಬೇಸಿಗೆಯಲ್ಲಿ ಬಿಸಿಲು ಹುಡುಕಿಕೊಂಡು ಅಲ್ಲಿಗೆ ಹೋಗುತ್ತಾರೆ. ಅವರಿಗಾಗಿ ಬರೆದ ಸಲಹೆಗಳನ್ನು ನಾವು ಹಾಗೆಯೇ ಅನುಸರಿಸಿದರೆ ಕೆಲಸ ಕೆಡುತ್ತದೆ. ಬೆಳಗಿನ ಬಿಸಿಲು ಬೀಳುವಲ್ಲಿ ಡೇರೆ ಹಾಕಿ ಎನ್ನುತ್ತವೆ ಅವು. ನಮ್ಮ ಕರಾವಳಿಯಲ್ಲಿ ಬಿಸಿಲನ್ನು ಹುಡುಕಬೇಕಾಗಿಲ್ಲ, ನೆರಳನ್ನು ಹುಡುಕಬೇಕು.

ಮೊದಲು ತೋಟದ ಲೆಕ್ಕ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಹಿಡಿದರೆ ಜನವರಿ ಕೊನೆಗೆ ಮುಗಿಯುತ್ತದೆ. ಕಣದಿಂದ ಕಾಫಿ ಎದ್ದ ಮೇಲೆ ಹೂಮಳೆ ಬರುವ ತನಕ ಸಿಗುವ ಫೆಬ್ರವರಿಯ ಬಿಡುವು ಅವರಿಗೆ ಒಳ್ಳೆಯದು. ರೊಬಸ್ಟಾದವರಿಗೆ ಆ ಹೊತ್ತಿಗೆ ಬಿಡುವಿಲ್ಲ, ಕೊಯ್ಲಿನ ಬೆನ್ನಿಗೇ ಹೂವಿಗೆ ತುಂತುರು ನೀರಾವರಿ, ಮತ್ತೆ ಎರಡು ಮೂರು ವಾರಕ್ಕೆ ಎರಡನೆಯ ನೀರು. ಅವರು ಮಾರ್ಚಿಯ ತನಕ ಪಂಪಿನ ಬಳಿ ಬಿಟ್ಟು ಕದಲುವಂತಿಲ್ಲ. ಮಲೆನಾಡಿನಲ್ಲಿ ಹಸಿ ಅಡಿಕೆ ಸುಲಿದು ಬೇಯಿಸುವವರಿಗೆ ಜನವರಿ ಮುಗಿದರೆ ಒಲೆ ಆರುತ್ತದೆ. ಕಷ್ಟ ಇರುವುದು ಚಾಲಿ ಮಾಡುವ ನಮ್ಮಂಥವರಿಗೆ. ಹಣ್ಣಡಿಕೆ ಕೊಯ್ಲು ನವೆಂಬರಿನಿಂದ ಬೇಸಿಗೆಯವರೆಗೆ ಕಂತು ಕಂತಾಗಿ ಬರುತ್ತದೆ. ಒಂದು ಕಂತು ಒಣಗಲು 40 ದಿನದಷ್ಟು ಬಿಸಿಲು ಬೇಕು. ಅಂಗಳ ಖಾಲಿಯಾಗುವ ಹೊತ್ತಿಗೆ ಮುಂದಿನ ಗೊನೆ ಹಣ್ಣಾಗಿರುತ್ತದೆ, ಇದರ ಮೇಲೆ ಗಿಡಗಳಿಗೆ ನೀರು. ಮೇ ಕೊನೆಯಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ತಯಾರಿ.

ಈಗ ಸಮುದ್ರದ ಲೆಕ್ಕ. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ತನಕ ಕಡಲ ತಡಿಯ ಡೇರೆಯ ಮಾತೇ ಬೇಡ. ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರ ತನಕ ಕಡಲಿಗಿಳಿಯುವುದಕ್ಕೆ ನಿಷೇಧವಿದೆ. ಅಕ್ಟೋಬರಿನಲ್ಲಿ ದಸರಾ ರಜೆ ಸಿಗುವುದಾದರೂ ಸಂಜೆ ಗುಡುಗು ಮಳೆ ತಪ್ಪಿದ್ದಲ್ಲ. ಡಿಸೆಂಬರ್, ಜನವರಿಗಳಲ್ಲಿ ಹವೆ ಹಿತವಾಗಿರುತ್ತದೆ, ರಾತ್ರಿ ಹೊದಿಕೆ ಬೇಕೆನಿಸುವಷ್ಟು ತಂಪು. ಆದರೆ ಕೊಯ್ಲಿನ ಭರಾಟೆ. ಅಲ್ಲದೆ ಜನವರಿಯಲ್ಲಿ ಮಕರ ಸಂಕ್ರಾಂತಿಯ ಸಪ್ತೋತ್ಸವ, ಎರಡು ವರ್ಷಕ್ಕೊಮ್ಮೆ 18ನೆಯ ತಾರೀಕಿನ ಪರ್ಯಾಯ. ಉತ್ಸವಕ್ಕೆಂದೇ ಬರುವುದು ಬೇರೆ, ವಿಶ್ರಾಂತಿಗೆಂದು ಬರುವವರು ಆ ವಾರ ಉಡುಪಿಯ ಕಡೆ ಸುಳಿಯದಿರುವುದು ಲೇಸು.

ಇದನ್ನೆಲ್ಲ ಕೂಡಿಸಿ ನೋಡಿದರೆ ಉಳಿಯುವುದು ಎರಡೇ ಅವಕಾಶ. ಶಾಲೆಗೆ ಹೋಗುವ ಮಕ್ಕಳಿಲ್ಲದ ಮನೆಯವರಿಗೆ ಫೆಬ್ರವರಿ ಇಡೀ ತಿಂಗಳು. ಮಕ್ಕಳಿರುವವರಿಗೆ ಬಿಸು ಕಳೆದ ಮೇಲೆ ಏಪ್ರಿಲ್ ಮುಗಿಯುವ ತನಕದ ಎರಡು ವಾರ. ಏಪ್ರಿಲಿನಲ್ಲಿ ಸೆಕೆ ಹೆಚ್ಚು ನಿಜ, ಆದರೆ ಪರೀಕ್ಷೆ ಮುಗಿದಿರುತ್ತದೆ. ಮೇ ತಿಂಗಳಿಗೆ ಮುಂದೂಡಬೇಡಿ, ಸಿಡಿಲು ಮಳೆ ಆಗ ಹತ್ತಿರ ಬಂದಿರುತ್ತದೆ.

ವಾರ ಗೊತ್ತಾದ ಮೇಲೆ ತಿಥಿ ನೋಡಿ. ಇದು ಶಾಸ್ತ್ರದ ಮಾತಲ್ಲ, ನೀರಿನ ಮಾತು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ಭರತ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸು ಈ ಏರಿಳಿತ ಕಡಿಮೆ. ಶುಕ್ಲ ಪಕ್ಷದ ಅಷ್ಟಮಿಯನ್ನು ನಡುವೆ ಇಟ್ಟುಕೊಂಡು ನಾಲ್ಕು ರಾತ್ರಿ ಗೊತ್ತುಮಾಡಿದರೆ ನೀರೂ ಸೌಮ್ಯ, ಸಂಜೆಯಿಂದ ನಡುರಾತ್ರಿಯ ತನಕ ಬೆಳದಿಂಗಳೂ ಇರುತ್ತದೆ. ಭರತ ದಿನಕ್ಕೆ ಎರಡು ಸಲ ಬರುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಮೊದಲ ದಿನ ಅಲ್ಲಿನ ಮೀನುಗಾರರಲ್ಲಿ ಹೊತ್ತು ಕೇಳಿಕೊಂಡರೆ ಉಳಿದದ್ದು ನಿಮಗೇ ತಿಳಿಯುತ್ತದೆ.

ಇನ್ನು ಮನೆ ನೋಡುವವರು ಯಾರು? ಪ್ರವಾಸ ನಿಲ್ಲುವುದು ಹಣದಿಂದಲ್ಲ, ಈ ಪ್ರಶ್ನೆಯಿಂದ. ಹಸುವಿನ ಹಾಲು ಕರೆಯಬೇಕು, ನಾಯಿಗೆ ಅನ್ನ ಹಾಕಬೇಕು, ಅಂಗಳದ ಅಡಿಕೆ ಮಗುಚಬೇಕು, ಮಂಗ ಓಡಿಸಬೇಕು, ಹನಿ ನೀರಾವರಿಯ ವಾಲ್ವು ತಿರುಗಿಸಬೇಕು. ನೇಜಿ ನೆಡುವಾಗ ನಮ್ಮ ಹಿರಿಯರು ಮುಯ್ಯಾಳು ಮಾಡುತ್ತಿದ್ದರು, ಇಂದು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಅದೇ ಕ್ರಮ ಇಲ್ಲಿಯೂ ನಡೆಯುತ್ತದೆ. ನೆರೆಯ ಎರಡು ಮನೆಯವರು ಮಾತಾಡಿಕೊಂಡು ಒಬ್ಬರು ಬಿಸು ಕಳೆದ ಮೊದಲ ವಾರ, ಇನ್ನೊಬ್ಬರು ಎರಡನೆಯ ವಾರ ಹೋಗಲಿ. ಬಾಯಿಮಾತಿಗೆ ಬಿಡದೆ, ಯಾವ ಸಾಲಿಗೆ ಯಾವ ದಿನ ನೀರು, ಯಾವ ಹಸು ಯಾರ ಕೈಗೆ ಮಾತ್ರ ಹಾಲು ಕೊಡುತ್ತದೆ, ಲೈನ್‌ಮ್ಯಾನನ ಫೋನು ಯಾವುದು ಎಂದು ಒಂದು ಹಾಳೆಯಲ್ಲಿ ಬರೆದಿಡಬೇಕು. ಹೊರಡುವ ಮುಂಚಿನ ದಿನ ನೆರೆಯವರನ್ನು ಕರೆದು ಒಂದು ಸುತ್ತು ತೋರಿಸಿ ಬರುವುದು ಇನ್ನೂ ಒಳ್ಳೆಯದು. ಅಜ್ಜ ಅಜ್ಜಿಯನ್ನು ಕಾವಲಿಗೆ ಬಿಟ್ಟುಹೋಗುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಕಡಲು ನೋಡುವ ಆಸೆ ಅವರಿಗೂ ಇರುತ್ತದೆ, ಹೇಳುವುದಿಲ್ಲ ಅಷ್ಟೆ.

ಸೇರುವ ಸ್ಥಳಕ್ಕೆ ಬನ್ನಂಜೆ ಅನುಕೂಲ. ಸರಕಾರಿ ಬಸ್ಸಿನ ನಿಲ್ದಾಣ ಈಗ ಅಲ್ಲಿಯೇ ಇರುವುದರಿಂದ ಘಟ್ಟದ ಮೇಲಿಂದ ಬಸ್ಸಿನಲ್ಲಿ ಬರುವವರೂ, ಕಾರ್ಕಳದಿಂದ ಜೀಪಿನಲ್ಲಿ ಸಾಮಾನು ತರುವವರೂ ಅಲ್ಲಿ ಕೂಡಿಕೊಳ್ಳಬಹುದು. ತರಕಾರಿ, ಹಾಲು, ಔಷಧಿ ಎಲ್ಲವೂ ಉಡುಪಿ ಪೇಟೆಯಲ್ಲಿ ಕೈಗೆಟುಕುತ್ತದೆ. ಪಶ್ಚಿಮಕ್ಕೆ ಮಲ್ಪೆ, ದಕ್ಷಿಣಕ್ಕೆ ಹದಿಮೂರು ಹದಿನಾಲ್ಕು ಕಿಲೋಮೀಟರಿನಲ್ಲಿ ಕಾಪು, ಪೂರ್ವಕ್ಕೆ ಮಣಿಪಾಲದ ದೊಡ್ಡ ಆಸ್ಪತ್ರೆ. ಮಕ್ಕಳು, ಮುದುಕರು ಜೊತೆಗಿರುವಾಗ ಈ ಕೊನೆಯದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ನಾಲ್ಕು ರಾತ್ರಿಯೂ ಒಂದೇ ಕಡೆ ಇರಿ. ದಿನಕ್ಕೊಂದು ಊರಿಗೆ ಡೇರೆ ಕಿತ್ತುಕೊಂಡು ಹೋದರೆ ಗೂಟ ಹೊಡೆಯುವುದರಲ್ಲೇ ರಜೆ ಮುಗಿಯುತ್ತದೆ.

ಜಾಗ ಆರಿಸುವಾಗ ಮರಳಿನ ಮೇಲೆಯೇ ಬಿಡಾರ ಹೂಡುವ ಯೋಚನೆ ಬಿಡುವುದು ಒಳ್ಳೆಯದು. ತೆರೆದ ತೀರ ಸರಕಾರದ್ದು, ಅಲ್ಲಿ ತಂಗಲು ಪಂಚಾಯತಿನಲ್ಲೂ ಪೊಲೀಸ್ ಠಾಣೆಯಲ್ಲೂ ಕೇಳಬೇಕಾಗುತ್ತದೆ. ಕುಂದಾಪುರ ಕಡೆಯ ಕೋಡಿಯಂಥ ತೀರಗಳಿಗೆ ಚಳಿಗಾಲದ ಕೊನೆಯ ತಿಂಗಳುಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ರಾತ್ರಿ ದೀಪ, ಗಲಾಟೆ ಅವುಗಳಿಗೆ ಸಲ್ಲದು. ಕಡಲಿನ ಹಿಂದೆಯೇ ಇರುವ ಖಾಸಗಿ ತೆಂಗಿನ ಹಿತ್ತಲಿನ ಯಜಮಾನರನ್ನು ಕಂಡು, ಬಾಡಿಗೆ ಮಾತಾಡಿ, ಅಲ್ಲಿ ಇಳಿಯುವುದು ಸುಲಭ. ತೋಟದವರಿಗೆ ತೋಟದವರ ಮಾತು ಬೇಗ ಹಿಡಿಸುತ್ತದೆ. ಅವರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಶೌಚಾಲಯ ಮತ್ತು ಸ್ನಾನದ ಮರೆ ಇದೆಯೇ ಎಂಬುದು. ಇಲ್ಲವಾದರೆ ಜಾಗ ಎಷ್ಟೇ ಚೆಂದವಿದ್ದರೂ ಬೇಡ, ಹೆಂಗಸರಿಗೆ ಅದು ರಜೆಯಾಗುವುದಿಲ್ಲ. ಎರಡನೆಯದು ಬಾವಿ ನೀರು ಏಪ್ರಿಲಿನಲ್ಲಿ ಉಪ್ಪಾಗುತ್ತದೆಯೇ ಎಂದು. ಕಡಲ ಸಮೀಪದ ಎಷ್ಟೋ ಬಾವಿಗಳು ಆ ಹೊತ್ತಿಗೆ ಕುಡಿಯಲು ಬಾರವು. ತೀರಕ್ಕೆ ಕಲ್ಲಿನ ತಡೆಗೋಡೆ ಹಾಕಿದ ಕಡೆಗಳನ್ನೂ ಬಿಡಿ, ಅಲೆ ಕಲ್ಲಿಗೆ ಅಪ್ಪಳಿಸುವಲ್ಲಿ ಮಕ್ಕಳು ಕಾಲಿಡುವಂತಿಲ್ಲ.

ತೆಂಗಿನ ಮರದ ನೇರ ಬುಡದಲ್ಲಿ ಡೇರೆ ಕೂಡದೆಂದು ನಿಮಗೆ ಹೇಳಬೇಕಾದ್ದಿಲ್ಲ. ಗಾಳಿಮರದ ತೋಪು ಒಳ್ಳೆಯ ನೆರಳು, ಆದರೆ ಅದರ ಒಣ ಎಲೆಯ ಹಾಸಿಗೆ ಬೆಂಕಿಪೊಟ್ಟಣವಿದ್ದಂತೆ, ಒಲೆ ಅಲ್ಲಿ ಹಚ್ಚಬಾರದು. ತೀರದಲ್ಲಿ ಹಿಂದಿನ ಭರತ ತಂದು ಬಿಟ್ಟ ಕಸದ ಗೆರೆಯೊಂದು ಕಾಣುತ್ತದೆ. ಬಿಡಾರ ಅದರಿಂದ ಕನಿಷ್ಠ ಐವತ್ತು ಹೆಜ್ಜೆ ಒಳಗಿರಲಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಗಾಳಿಯೇ ಇಲ್ಲದಿದ್ದರೂ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ತೆರೆಗಳು ಬಂದು ದಡದ ಮೇಲೆ ಹರಿಯುವುದುಂಟು. ಸದ್ದಿಲ್ಲದೆ ಬರುವುದರಿಂದ ಕೇರಳದವರು ಇದನ್ನು ಕಳ್ಳಕಡಲು ಎನ್ನುತ್ತಾರೆ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರ ಇದಕ್ಕೆ ಮುಂಚಿತವಾಗಿ ಎಚ್ಚರಿಕೆ ಹೊರಡಿಸುತ್ತದೆ. ಹೊರಡುವ ಮುನ್ನ ಮತ್ತು ಅಲ್ಲಿರುವಷ್ಟು ದಿನವೂ ಮೊಬೈಲಿನಲ್ಲಿ ಅದನ್ನು ನೋಡಿಕೊಳ್ಳಬೇಕು.

ಡೇರೆಗೆ ಹೊಸದಾಗಿ ಹಣ ಸುರಿಯಬೇಕಾಗಿಲ್ಲ. ಎರಡು ಸಣ್ಣ ಡೇರೆ ಬಾಡಿಗೆಗೆ ಅಥವಾ ಕೊಂಡು ತಂದರೂ ಸಾಕು, ಉಳಿದದ್ದು ಮನೆಯಲ್ಲೇ ಇದೆ. ಅಡಿಕೆಗೆ ಮುಚ್ಚುವ 24 ಅಡಿ ಉದ್ದ 18 ಅಡಿ ಅಗಲದ ಒಂದು ಟಾರ್ಪಾಲು ಎತ್ತರಕ್ಕೆ ಕಟ್ಟಿದರೆ ಎಂಟು ಜನರಿಗೆ ಹಗಲಿನ ಚಪ್ಪರವಾಯಿತು. ಅದರ ಮೇಲೆ ಒಂದಡಿ ಅಂತರ ಬಿಟ್ಟು ನರ್ಸರಿಯ ಹಸಿರು ನೆರಳುಬಲೆ ಎಳೆದರೆ ಕೆಳಗಿನ ಕಾವು ಬಹಳ ಇಳಿಯುತ್ತದೆ. ಸಡಿಲ ಮರಳಿನಲ್ಲಿ ಗೂಟ ನಿಲ್ಲದು. ಖಾಲಿ ಗೊಬ್ಬರ ಚೀಲವನ್ನು ಚೆನ್ನಾಗಿ ತೊಳೆದು ಒಯ್ಯಿರಿ, ಅದರಲ್ಲಿ ಮರಳು ತುಂಬಿ, ಕುತ್ತಿಗೆಗೆ ಹಗ್ಗ ಬಿಗಿದು, ಒಂದೂವರೆ ಅಡಿ ಆಳಕ್ಕೆ ಹೂತರೆ ಎಂಥ ಗಾಳಿಗೂ ಕದಲುವುದಿಲ್ಲ. ಹಗಲು ಹನ್ನೊಂದರ ಮೇಲೆ ಗಾಳಿ ಕಡಲಿನಿಂದ ಬೀಸುತ್ತದೆ, ರಾತ್ರಿ ನೆಲದ ಕಡೆಯಿಂದ ಕಡಲಿಗೆ ಮೆಲ್ಲಗೆ ತಿರುಗುತ್ತದೆ. ಆದ್ದರಿಂದ ಡೇರೆಯ ಎರಡು ಬಾಗಿಲು ಪೂರ್ವ ಪಶ್ಚಿಮಕ್ಕೆ ಇರಲಿ, ಸೊಳ್ಳೆ ಪರದೆ ಮರೆಯದಿರಲಿ.

ನೀರು ಮನೆಯ ಬಾವಿಯದನ್ನೇ ತುಂಬಿಕೊಂಡು ಹೋಗುವುದು ಉತ್ತಮ. ಸೆಕೆಯಲ್ಲಿ ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಕುಡಿಯುವುದಕ್ಕೇ ಬೇಕು, ಅಡಿಗೆಗೆ ಬೇರೆ. ಇಲ್ಲಿ ಒಂದು ಕಟ್ಟುನಿಟ್ಟಿನ ಮಾತು. ಔಷಧಿ ಬಂದ ಕ್ಯಾನು, ಮೈಲುತುತ್ತು ಕರಗಿಸಿದ ಬಕೆಟು, ಸ್ಪ್ರೇಯರಿಗೆ ನೀರು ಹೊತ್ತ ಡ್ರಮ್ಮು ಇವನ್ನು ಎಷ್ಟು ಸಲ ತೊಳೆದಿದ್ದರೂ ಕುಡಿಯುವ ನೀರಿಗೆ ಬಳಸಕೂಡದು. ಹೊರಡುವ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಜೀಪಿಗೆ ಏರಿಸುವುದು ಸಹಜವಾದ್ದರಿಂದ ಇಷ್ಟು ಒತ್ತಿ ಹೇಳಬೇಕಾಯಿತು.

ಅಡಿಗೆ ಸರಳವಿರಲಿ. ಬೆಳಿಗ್ಗೆ ಅವಲಕ್ಕಿ, ರಾತ್ರಿ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಹಪ್ಪಳ. ಮಧ್ಯಾಹ್ನ ಉಡುಪಿಯಲ್ಲಿದ್ದುಕೊಂಡು ಹೋಟೆಲ್ ಊಟ ಬಿಡುವುದುಂಟೇ? ಸಿಕ್ಕಿದರೆ ಮಟ್ಟುಗುಳ್ಳ ತನ್ನಿ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಬದನೆ ಬೆಳೆಯುವ ಮಟ್ಟು ಗ್ರಾಮ ಕಟಪಾಡಿಯ ಪಕ್ಕದಲ್ಲೇ ಇದೆ. ಬಡಿಸಲು ಹಾಳೆತಟ್ಟೆ, ತಲೆಗೆ ಹಾಳೆಯ ಮುಟ್ಟಾಳೆ. ಪೇಟೆಯ ಟೋಪಿಗಿಂತ ಇದು ತಂಪು, ನಮ್ಮದೇ ತೋಟದ್ದು. ನಾಲ್ಕು ದಿನದಲ್ಲಿ ಎರಡು ದಿನವಾದರೂ ಗಂಡಸರು ಸೌಟು ಹಿಡಿಯಲಿ. ಸಾವಿರ ಅಡಿ ಇಳಿದುಬಂದು ಹೆಂಗಸರು ಇಲ್ಲಿಯೂ ಒಲೆಯ ಮುಂದೆಯೇ ಕುಳಿತರೆ ಅದಕ್ಕೆ ರಜೆಯೆಂಬ ಹೆಸರೇಕೆ?

ಕಡಲಿಗಿಳಿಯುವ ವಿಚಾರವನ್ನು ತುಸು ವಿವರವಾಗಿ ಹೇಳಬೇಕು. ನಮ್ಮ ಮಕ್ಕಳು ಕೆರೆಯಲ್ಲೂ ಹೊಳೆಗುಂಡಿಯಲ್ಲೂ ಈಜು ಕಲಿತವರು, ಹಾಗಾಗಿ ಧೈರ್ಯ ಹೆಚ್ಚು. ಕೆರೆಯ ನೀರು ನಿಂತಿರುತ್ತದೆ, ಹೊಳೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಕಡಲಿನದು ಹಾಗಲ್ಲ. ಅಲೆಗಳು ದಡಕ್ಕೆ ತಳ್ಳಿದ ನೀರೆಲ್ಲ ಎಲ್ಲೋ ಒಂದು ಕಡೆಯಿಂದ ಹಿಂದಿರುಗಲೇಬೇಕಷ್ಟೆ. ಎರಡು ಮರಳು ದಿಬ್ಬಗಳ ನಡುವಿನ ಇಕ್ಕಟ್ಟಾದ ಆಳದ ದಾರಿಯಲ್ಲಿ ಅದು ರಭಸದಿಂದ ಒಳಗೆ ಓಡುತ್ತದೆ. ಇದೇ ಸೆಳೆತ. ದಡದಿಂದ ನೋಡಿದರೆ ಎರಡೂ ಬದಿ ನೊರೆಯೆದ್ದು ಅಲೆ ಮುರಿಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ನುಣ್ಣಗೆ, ತುಸು ಕಪ್ಪಾಗಿ ಕಾಣುತ್ತದೆ. ಹೊಸಬರು ಶಾಂತವಾಗಿದೆಯೆಂದು ಅಲ್ಲಿಯೇ ಇಳಿಯುತ್ತಾರೆ. ಸಿಕ್ಕಿಬಿದ್ದವನು ದಡದತ್ತ ನೇರವಾಗಿ ಈಜಿದರೆ ಎಂಥ ಬಲಶಾಲಿಯೂ ಸೋಲುತ್ತಾನೆ, ಅವನನ್ನು ಮುಳುಗಿಸುವುದು ಆಯಾಸ. ಮೈ ಸಡಿಲಬಿಟ್ಟು ತೇಲಬೇಕು, ಅಥವಾ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಬಂದು, ಆಮೇಲೆ ಅಲೆಯ ಜೊತೆ ದಡಕ್ಕೆ ಬರಬೇಕು. ಇನ್ನೊಬ್ಬರನ್ನು ಉಳಿಸಲು ಹಾರುವುದಕ್ಕಿಂತ ಹಗ್ಗವನ್ನೋ ಬಾಯಿ ಬಿಗಿದ ಖಾಲಿ ಕ್ಯಾನನ್ನೋ ಎಸೆಯುವುದು ಮೇಲು. ಇದನ್ನು ಮನೆಯಲ್ಲೇ ಮಕ್ಕಳಿಗೆ ಎರಡು ಮೂರು ಸಲ ಹೇಳಿಸಿ ಬಾಯಿಪಾಠ ಮಾಡಿಸಿ.

ಮಳೆಗಾಲವಲ್ಲ, ಏನಾಗದು ಎಂಬ ಮಾತಿಗೆ ಅರ್ಥವಿಲ್ಲ. 2022ರ ಏಪ್ರಿಲಿನಲ್ಲಿ ಕೇರಳದಿಂದ ಪ್ರವಾಸ ಬಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೈಂಟ್ ಮೇರೀಸ್ ದ್ವೀಪದಲ್ಲಿ ನೀರುಪಾಲಾದರು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ಹುಡುಗಿಯರು ಹೋದರು. ಎರಡೂ ಕಡಲು ಶಾಂತವೆನ್ನುವ ತಿಂಗಳುಗಳೇ. ಹೀಗಾಗಿ ಮಕ್ಕಳ ಸ್ನಾನಕ್ಕೆ ಪಡುಬಿದ್ರಿಯ ಎಂಡ್ ಪಾಯಿಂಟಿಗೇ ಕರೆದೊಯ್ಯಿರಿ ಎಂಬುದು ನನ್ನ ಸಲಹೆ. ಹೊನ್ನಾವರದ ಕಾಸರಕೋಡಿನೊಂದಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರವದು. ಸ್ನಾನದ ಜಾಗ ಗುರುತಿಸಿರಬೇಕು, ಜೀವರಕ್ಷಕರಿರಬೇಕು ಎಂಬುದು ಆ ಮಾನ್ಯತೆಯ ನಿಯಮಗಳಲ್ಲೇ ಇದೆ. ಅಳಿವೆ ಬಾಗಿಲಲ್ಲಿ ಮಾತ್ರ ಎಂದೂ ಇಳಿಯಬೇಡಿ. ಸುವರ್ಣಾ, ಸೀತಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆ ಕಣ್ಣಿಗೆ ಹಬ್ಬವೇ, ಆದರೆ ಇಳಿತದ ಹೊತ್ತಿಗೆ ಹೊಳೆಯ ನೀರೂ ಸೇರಿ ಹೊರಗೆಳೆಯುತ್ತದೆ. ಲೋಳೆಮೀನು ತಾಗಿ ಉರಿಯೆದ್ದರೆ ಸಮುದ್ರದ ನೀರಿನಲ್ಲೇ ತೊಳೆಯಿರಿ, ಮರಳು ಹಾಕಿ ಉಜ್ಜಬಾರದು. ತುರ್ತಿಗೆ 112, ಆಂಬುಲೆನ್ಸಿಗೆ 108.

ನೋಡುವ ಜಾಗಗಳ ಪಟ್ಟಿ ಉದ್ದ ಮಾಡುವುದಿಲ್ಲ. ಹಗಲು ಹನ್ನೊಂದರಿಂದ ಮೂರೂವರೆಯ ತನಕ ಚಪ್ಪರದಡಿ ಮಲಗುವುದೇ ಕಾರ್ಯಕ್ರಮ. ಒಂದು ಬೆಳಿಗ್ಗೆ ಮಲ್ಪೆಯಿಂದ ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬನ್ನಿ, ರಾತ್ರಿ ತಂಗಲು ಅಲ್ಲಿ ಅವಕಾಶವಿಲ್ಲ. ಅಡಿಕೆ ಮರದ ಕಾಂಡಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತಿರುವ ಅಲ್ಲಿನ ಕಲ್ಲಿನ ಕಂಬಗಳು ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ ಲಾವಾ ತಣಿಯುವಾಗ ಸೀಳಿ ಆದವು. ಒಂದು ಸಂಜೆ ಕಾಪುವಿನ ದೀಪಸ್ತಂಭ. ಮರವಂತೆಯನ್ನು, ಅಂದರೆ ಹೆದ್ದಾರಿಯ ಒಂದು ಬದಿ ಕಡಲು ಇನ್ನೊಂದು ಬದಿ ಸೌಪರ್ಣಿಕೆ ಇರುವ ಆ ಜಾಗವನ್ನು, ಹೋಗಿ ನೋಡಬಹುದು, ನೀರಿಗೆ ಇಳಿಯಬಾರದು. ಆಗುಂಬೆ ಘಾಟಿಯಿಂದ ಬರುವವರು ಸಣ್ಣ ವಾಹನದಲ್ಲೇ ಬರಲಿ, ವಾಂತಿಯಾಗುವ ಮಕ್ಕಳಿಗೆ ಹುಣಸೆಹಣ್ಣಿನ ಮಿಠಾಯಿ ಕೈಯಲ್ಲಿರಲಿ.

ಮರಳಿದ ದಿನವೇ ಟಾರ್ಪಾಲು, ಹಗ್ಗ, ನೆರಳುಬಲೆಗಳನ್ನು ಸಿಹಿನೀರಿನಲ್ಲಿ ಎರಡು ಸಲ ತೊಳೆದು ಬಿಸಿಲಿಗೆ ಹಾಕಿ. ಉಪ್ಪು ಉಳಿದ ಟಾರ್ಪಾಲು ರಾತ್ರಿಯ ತೇವವನ್ನು ಎಳೆದುಕೊಳ್ಳುತ್ತದೆ. ಅದರ ಮೇಲೆ ಚಾಲಿ ಹರಡಿದರೆ ಎಷ್ಟು ಬಿಸಿಲು ಕೊಟ್ಟರೂ ಅಡಿಭಾಗ ಒಣಗದೆ ಬೂಸು ಹಿಡಿಯುತ್ತದೆ, ಮಾರುಕಟ್ಟೆಯಲ್ಲಿ ದರ್ಜೆ ಇಳಿಯುತ್ತದೆ. ಜೀಪಿನ ಅಡಿಭಾಗಕ್ಕೂ ನಾಲ್ಕು ಬಕೆಟು ನೀರು ಹೊಡೆಯಿರಿ. ಆಮೇಲೆ ನೆರೆಯವರ ಹಾಳೆ ತೆಗೆದುಕೊಂಡು ಅವರ ತೋಟಕ್ಕೆ ಒಂದು ಸುತ್ತು ಹೋಗಿ, ಮರುದಿನದಿಂದ ಅವರ ಹಸು ನಿಮ್ಮ ಪಾಲಿಗೆ.